ಮನಸ್ಸೆಂಬ ಲೋಲಕಕ್ಕೆ ಸಾವಧಾನದ ತರಬೇತಿ

ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಗಣಿತದ ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆಪತ್ರಿಕೆ ಕೈಗೆ ಬಂದಿದೆ. ಮೊದಲೆರಡು ಲೆಕ್ಕ ಸುಲಭ. ಮೂರನೆಯದು ಎಲ್ಲೋ ನೋಡಿದಂತಿದೆ, ಆದರೆ ಹೊಳೆಯುತ್ತಿಲ್ಲ. ಎದೆ ಢವಢವ ಎನ್ನತೊಡಗುತ್ತದೆ, ಅಂಗೈ ಬೆವರುತ್ತದೆ. 'ಇದೇ ಬರದಿದ್ದರೆ ಉಳಿದದ್ದರ ಗತಿ?' ಎಂಬ ಯೋಚನೆ. ಅದರ ಬೆನ್ನಿಗೇ ಅಪ್ಪನ ಮುಖ, ಪಕ್ಕದ ಮನೆಯವರ ಮಗಳ ಅಂಕ, ಪಿಯುಸಿಯಲ್ಲಿ ವಿಜ್ಞಾನ ಸಿಗದೇ ಹೋದರೆ ಎಂಬ ದಿಗಿಲು. ತಲೆಯೆತ್ತಿ ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷ ಕಳೆದೇ ಹೋಗಿದೆ. ಚೆನ್ನಾಗಿ ಗೊತ್ತಿದ್ದ ನಾಲ್ಕನೇ ಲೆಕ್ಕವೂ ಗಡಿಬಿಡಿಯಲ್ಲಿ ತಪ್ಪಾಗುತ್ತದೆ.

ಸಂಜೆ ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ, "ಹೇಗಾಯ್ತಮ್ಮಾ ಪೇಪರು?"

"ನನ್ನನ್ನೇನೂ ಕೇಳ್ಬೇಡಪ್ಪ!"

ಕೋಣೆಯ ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ. ಅಪ್ಪನ ಸಿಟ್ಟೂ ನೆತ್ತಿಗೇರುತ್ತದೆ. ಒಳಗಿನಿಂದ ಅಳುವ ಸದ್ದು. ಅರ್ಧ ಗಂಟೆ ಕಳೆದಿರುವುದಿಲ್ಲ, ಗೆಳತಿಯ ಫೋನು ಬರುತ್ತದೆ, ಅದೇ ಕೋಣೆಯಿಂದ ಕಿಲಕಿಲ ನಗು ಕೇಳಿಸುತ್ತದೆ. "ಈಗ ತಾನೇ ಅಳ್ತಾ ಇದ್ಳು, ಈಗ ನೋಡಿ ಹೇಗೆ ನಗ್ತಿದಾಳೆ" ಎಂದು ಅಮ್ಮ ಅಡುಗೆಮನೆಯಿಂದ ಗೊಣಗುತ್ತಾರೆ.

ಇಂಥ ಸಂಜೆಗಳನ್ನು ಕಾಣದ ಮನೆಗಳು ಕಡಿಮೆ. ಹೀಗಾಗಿಯೇ ಮಕ್ಕಳ ಮನಸ್ಸನ್ನು 'ಹತೋಟಿಗೆ ತರುವ' ತರಗತಿಗಳು, ಶಿಬಿರಗಳು, ಮೊಬೈಲಿನ ಆ್ಯಪ್‌ಗಳು ಬೇಕಾದಷ್ಟು ಹುಟ್ಟಿಕೊಂಡಿವೆ. ಅವುಗಳ ಪೈಕಿ ಹೆಚ್ಚು ಕೇಳಿಬರುವ ಹೆಸರು 'ಮೈಂಡ್‌ಫುಲ್‌ನೆಸ್'. ದಿನಕ್ಕೆ ಹತ್ತು ನಿಮಿಷ ಕಣ್ಣುಮುಚ್ಚಿ ಕುಳಿತರೆ ಮಗುವಿನ ಸಿಡುಕು ಹೋಗುತ್ತದೆ, ಏಕಾಗ್ರತೆ ಬರುತ್ತದೆ, ಅಂಕ ಏರುತ್ತದೆ ಎಂಬ ಮಾತು ತಂದೆತಾಯಂದಿರ ಕಿವಿಗೆ ಬೀಳುತ್ತಲೇ ಇರುತ್ತದೆ. ಇದರಲ್ಲಿ ನಿಜವೆಷ್ಟು, ಜಾಹೀರಾತೆಷ್ಟು? ನಲವತ್ತು ವರ್ಷಗಳಿಂದ ಈ ಬಗ್ಗೆ ವಿಜ್ಞಾನಿಗಳು ಪ್ರಯೋಗ ನಡೆಸುತ್ತ ಬಂದಿದ್ದಾರೆ. ಅವರ ಉತ್ತರ ಭಕ್ತರಿಗೂ ಪೂರ್ತಿ ಹಿತವಲ್ಲ, ಸಂದೇಹವಾದಿಗಳಿಗೂ ಪೂರ್ತಿ ಹಿತವಲ್ಲ.

ಏರಿಳಿತ ರೋಗವಲ್ಲ

ಮೊದಲು ಆ ಅಮ್ಮನ ಗೊಣಗಾಟವನ್ನೇ ತೆಗೆದುಕೊಳ್ಳೋಣ. ಹದಿಹರೆಯದವರ ಮನಸ್ಸು ಗಳಿಗೆಗೊಂದು ಬಣ್ಣಕ್ಕೆ ತಿರುಗುವುದು ನಿಜವೇ? ಇದನ್ನು ಅಳೆಯಲು ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ರೀಡ್ ಲಾರ್ಸನ್ ಮತ್ತು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಉಪಾಯ ಹೂಡಿದರು. ಆಗ ಮೊಬೈಲ್ ಫೋನ್ ಇರಲಿಲ್ಲ. ವೈದ್ಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಪೇಜರ್ ಇತ್ತು. ಹೈಸ್ಕೂಲಿನ ಮಕ್ಕಳಿಗೂ ದೊಡ್ಡವರಿಗೂ ಅದನ್ನು ಕೊಟ್ಟು ಒಂದು ವಾರ ಹೊತ್ತಲ್ಲದ ಹೊತ್ತಿನಲ್ಲಿ ಅದು ಗುಂಯ್‌ಗುಟ್ಟುವಂತೆ ಮಾಡಿದರು. ಸದ್ದಾದ ಕೂಡಲೇ 'ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ' ಎಂಬುದನ್ನು ಪುಟ್ಟ ಪುಸ್ತಕದಲ್ಲಿ ಬರೆಯಬೇಕು.

1980ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಮ್ಮನಿಗೆ ಅರ್ಧ ಗೆಲುವು. ದೊಡ್ಡವರಿಗಿಂತ ಹುಡುಗ ಹುಡುಗಿಯರ ಮನಸ್ಸು ಹೆಚ್ಚು ಎತ್ತರಕ್ಕೆ ಏರುತ್ತದೆ, ಹೆಚ್ಚು ಆಳಕ್ಕೆ ಇಳಿಯುತ್ತದೆ, ಅದೂ ಬೇಗ ಬೇಗ. ಆದರೆ ಉಳಿದರ್ಧ ಹುಡುಗಿಯ ಪಾಲಿಗೆ. ಹಾಗೆ ಹೆಚ್ಚು ಏರಿಳಿಯುವ ಮಕ್ಕಳು ಕಡಿಮೆ ಏರಿಳಿಯುವ ಮಕ್ಕಳಿಗಿಂತ ಹೆಚ್ಚು ತೊಂದರೆಯಲ್ಲಿದ್ದಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಒತ್ತಡ, ಹೊಂದಾಣಿಕೆಯ ಕೊರತೆ ಯಾವುದರೊಂದಿಗೂ ಅದಕ್ಕೆ ನಂಟು ಕಾಣಲಿಲ್ಲ. ಅಳು ಬಂದು ಅರ್ಧ ಗಂಟೆಗೆ ನಗು ಬಂದರೆ ಆ ಮಗುವಿಗೆ ಏನೋ ಆಗಿದೆ ಎಂದು ಗಾಬರಿಯಾಗಬೇಕಿಲ್ಲ. ಹದಿನೈದರ ವಯಸ್ಸಿನ ಮನಸ್ಸು ಇರುವುದೇ ಹಾಗೆ.

ಅದಕ್ಕೆ ಮಿದುಳಿನ ಬೆಳವಣಿಗೆಯಲ್ಲೂ ಕಾರಣವಿದೆ. ಭಯ, ಸಿಟ್ಟಿನಂಥ ಭಾವಗಳಿಗೆ ತಟ್ಟನೆ ಗಂಟೆ ಬಾರಿಸುವ ಭಾಗ ಮಿದುಳಿನ ಒಳಗೆ, ಕಿವಿಯ ನೇರಕ್ಕೆ ಎರಡೂ ಬದಿಗೆ ಇದೆ. ಬಾದಾಮಿ ಬೀಜದ ಆಕಾರದ್ದಾದ್ದರಿಂದ ಅದಕ್ಕೆ ಗ್ರೀಕ್ ಮೂಲದ 'ಅಮಿಗ್ಡಲ' ಎಂಬ ಹೆಸರು. 'ತಾಳು, ಇದು ಹಾವಲ್ಲ, ಹಗ್ಗ' ಎಂದು ಹೇಳಿ ಸಮಾಧಾನ ಮಾಡುವ ಕೆಲಸದಲ್ಲಿ ಮುಖ್ಯ ಪಾತ್ರ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸಿನದು. ಇದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಹಲವು ವರ್ಷಗಳ ಮೇಲೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್ ಎಲ್ಲವೂ ಅದಕ್ಕೆ ಮೊದಲೇ ಬಂದು ಹೋಗುತ್ತವೆ ಎಂಬುದು ನಮ್ಮ ಶಿಕ್ಷಣ ವ್ಯವಸ್ಥೆಯ ಒಂದು ತಮಾಷೆ.

ಗುಂಡನ್ನು ಹಿಡಿದರೆ ಏನಾಗುತ್ತದೆ?

ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲ ಮಕ್ಕಳೂ ಸರಳ ಲೋಲಕ ನೋಡಿರುತ್ತಾರೆ. ದಾರಕ್ಕೆ ಕಟ್ಟಿದ ಲೋಹದ ಗುಂಡು. ಪಕ್ಕಕ್ಕೆ ಎಳೆದು ಬಿಟ್ಟರೆ ಗಾಳಿಯಲ್ಲಿ ಬಹಳ ಹೊತ್ತು ತೂಗಾಡುತ್ತದೆ. ಅದೇ ಗುಂಡು ನೀರಿನ ಪಾತ್ರೆಯೊಳಗೆ ತೂಗುವಂತೆ ಮಾಡಿದರೆ ಕೆಲವೇ ಸಲ ಅತ್ತಿತ್ತ ಹೋಗಿ ನಡುವಿಗೆ ಬಂದು ನಿಲ್ಲುತ್ತದೆ. ಎಳೆದದ್ದು ಎರಡು ಸಲವೂ ಅಷ್ಟೇ ದೂರ. ಬೇರೆಯಾದದ್ದು ಮಧ್ಯಕ್ಕೆ ಮರಳಲು ಹಿಡಿದ ಸಮಯ.

ಮನಸ್ಸನ್ನು ಲೋಲಕಕ್ಕೆ ಹೋಲಿಸುವುದು ಒರಟು ಹೋಲಿಕೆಯೇ. ಆದರೂ ಮೂರು ದಾರಿಗಳ ವ್ಯತ್ಯಾಸ ಅದರಿಂದ ಸ್ಪಷ್ಟವಾಗುತ್ತದೆ. ಒಂದು, ತೂಗಲಿ ಎಂದು ಬಿಟ್ಟುಬಿಡುವುದು. ಬಾಗಿಲು ಬಡಿಯುವುದು ಈ ದಾರಿ. ಎರಡು, ಕೈಚಾಚಿ ಗುಂಡನ್ನು ಬಲವಾಗಿ ಹಿಡಿದುಬಿಡುವುದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವುದು ಬಹುತೇಕ ಇದನ್ನೇ. "ಗಂಡುಹುಡುಗ ಅಳಬಾರದು", "ಹೆಣ್ಣುಮಗು ಅಷ್ಟು ಸಿಟ್ಟು ಮಾಡ್ಕೋಬಾರದು", "ಬಾಯ್ಮುಚ್ಚಿಕೊಂಡು ಓದು".

ಹೀಗೆ ಹಿಡಿದುಬಿಡುವುದರ ಬೆಲೆ ಏನೆಂಬುದನ್ನು ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಅಸಹ್ಯ ಹುಟ್ಟಿಸುವ ಶಸ್ತ್ರಚಿಕಿತ್ಸೆಯ ಚಿತ್ರವೊಂದನ್ನು ತೋರಿಸಲಾಯಿತು. ಕೆಲವರು ಹೇಗೆ ಬೇಕಾದರೂ ನೋಡಬಹುದು. ಇನ್ನು ಕೆಲವರು ಮುಖದಲ್ಲಿ ಏನೂ ತೋರಿಸಬಾರದು. ಎರಡನೆಯ ಗುಂಪಿನವರ ಮುಖ ಕಲ್ಲಿನಂತಿತ್ತು, ಸರಿ. ಆದರೆ ಒಳಗಿನ ಅಸಹ್ಯ ಕಡಿಮೆಯಾಗಿರಲಿಲ್ಲ. ಅಷ್ಟೇ ಅಲ್ಲದೆ ಅವರ ಚರ್ಮ ಹೆಚ್ಚು ಬೆವರಿತ್ತು, ಬೆರಳ ತುದಿಯ ರಕ್ತನಾಳಗಳು ಹೆಚ್ಚು ಬಿಗಿದಿದ್ದವು. ಹೊರಗೆ ಮುಚ್ಚಿದ್ದನ್ನು ಮೈ ಒಳಗೆ ಅನುಭವಿಸಿತ್ತು.

ವಿದ್ಯಾರ್ಥಿಗಳಿಗೆ ಇದಕ್ಕಿಂತ ಮುಖ್ಯವಾದದ್ದು 2000ದಲ್ಲಿ ಜೇನ್ ರಿಚರ್ಡ್ಸ್ ಮತ್ತು ಗ್ರಾಸ್ ಪ್ರಕಟಿಸಿದ ಇನ್ನೊಂದು ಪ್ರಯೋಗ. ಗಾಯಗೊಂಡವರ ಚಿತ್ರಗಳನ್ನು ತೋರಿಸುತ್ತ ಪ್ರತಿಯೊಬ್ಬನ ಬಗ್ಗೆ ಮಾಹಿತಿ ಹೇಳಲಾಯಿತು. ಭಾವನೆಯನ್ನು ಅದುಮಿಟ್ಟುಕೊಂಡು ಕುಳಿತವರಿಗೆ ಆ ಮಾಹಿತಿ ಆಮೇಲೆ ಅಷ್ಟಾಗಿ ನೆನಪಾಗಲಿಲ್ಲ. ವೈದ್ಯರ ದೃಷ್ಟಿಯಿಂದ ನೋಡಿ ಎಂದು ಹೇಳಿಸಿಕೊಂಡವರಿಗೆ, ಅಂದರೆ ನೋಡುವ ಬಗೆಯನ್ನೇ ಬದಲಿಸಿಕೊಂಡವರಿಗೆ, ಈ ನಷ್ಟ ಆಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮುಖವನ್ನು ಕಾಯುವುದೂ ಒಂದು ಕೆಲಸ. ಆ ಕೆಲಸಕ್ಕೆ ಹೋದ ಗಮನ ಪಾಠಕ್ಕೆ ಸಿಗುವುದಿಲ್ಲ. ತರಗತಿಯಲ್ಲಿ ಬೈಸಿಕೊಂಡು ಅಳು ನುಂಗಿಕೊಂಡು ಕೂತ ಹುಡುಗನಿಗೆ ಆಮೇಲಿನ ಪಾಠ ತಲೆಗೆ ಹತ್ತಿರುವುದಿಲ್ಲ ಎಂಬುದನ್ನು ಬೈದವರು ನೆನಪಿಡಬೇಕು.

ಭಾವನೆಯನ್ನಲ್ಲ, ಯೋಚನೆಯನ್ನೇ ಅದುಮುತ್ತೇನೆ ಎಂದು ಹೊರಟರೂ ಸೋಲೇ. ಔಷಧಿ ಕೊಟ್ಟ ವೈದ್ಯ 'ಇದನ್ನು ಕುಡಿಯುವಾಗ ಮಾತ್ರ ಕೋತಿಯನ್ನು ನೆನೆಯಬೇಡ' ಎಂದ ಕಥೆ ನಮ್ಮಲ್ಲಿ ಅಜ್ಜಿಯರಿಗೆಲ್ಲ ಗೊತ್ತು. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಕೋತಿಯ ಬದಲು ಬಿಳಿ ಕರಡಿ ಇಟ್ಟುಕೊಂಡು ಇದನ್ನೇ ಮಾಡಿ ನೋಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅನಂತರ 'ಈಗ ಬೇಕಾದರೆ ನೆನೆಯಿರಿ' ಎಂದಾಗ, ಮೊದಲು ಅದುಮಿಟ್ಟವರಿಗೆ ಉಳಿದವರಿಗಿಂತ ಹೆಚ್ಚು ಕರಡಿಗಳು ಕಂಡವು.

ಉಳಿದದ್ದು ಮೂರನೆಯ ದಾರಿ: ಗುಂಡನ್ನು ಹಿಡಿಯದೆ, ಅದು ತೂಗುವ ಗಾಳಿಯನ್ನು ನೀರಾಗಿಸುವುದು. ಮೈಂಡ್‌ಫುಲ್‌ನೆಸ್ ತರಬೇತಿ ಮಾಡುತ್ತೇನೆನ್ನುವುದು ಇದನ್ನು.

ಬುದ್ಧನಿಂದ ಆಸ್ಪತ್ರೆಗೆ

ಈ ಇಂಗ್ಲಿಷ್ ಪದದ ಹಿಂದಿರುವುದು ಪಾಲಿ ಭಾಷೆಯ 'ಸತಿ'. ಸಂಸ್ಕೃತದ 'ಸ್ಮೃತಿ'ಯೇ ಅದು. ಬೌದ್ಧ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ರೈಸ್ ಡೇವಿಡ್ಸ್ 1881ರಲ್ಲಿ ಅದಕ್ಕೆ 'ಮೈಂಡ್‌ಫುಲ್‌ನೆಸ್' ಎಂದು ಬರೆದರು. ಕನ್ನಡದಲ್ಲಿ ಅದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಮದುವೆಯ ಮಂಟಪದಲ್ಲಿ ಪುರೋಹಿತರು ಕೂಗಿ ಹೇಳುವ 'ಸಾವಧಾನ' ಇದೆ. 'ಮೈಮೇಲೆ ಎಚ್ಚರ ಇರಲಿ' ಎಂಬ ಮಾತಿದೆ. ಅದರ ವಿರುದ್ಧ ಪದ 'ಮೈಮರೆವು' ಅಂತೂ ಇನ್ನೂ ಸೊಗಸು. ಸಿಟ್ಟಿನಲ್ಲಿ ಮನುಷ್ಯ ಮೊದಲು ಮರೆಯುವುದು ತನ್ನ ಮೈಯನ್ನೇ: ಬಿಗಿದ ದವಡೆ, ಮಡಿಚಿದ ಮುಷ್ಟಿ, ಏರಿದ ದನಿ. ಎದುರಿದ್ದವರಿಗೆ ಅವೆಲ್ಲ ಕಾಣುತ್ತವೆ, ಅವನಿಗೆ ಮಾತ್ರ ಗೊತ್ತಾಗುವುದಿಲ್ಲ.

ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ವಿಪಶ್ಯನ ಧ್ಯಾನವನ್ನು ಭಾರತಕ್ಕೆ ಮರಳಿ ತಂದು, 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಕೇಂದ್ರ ಕಟ್ಟಿದರು. ಹತ್ತು ದಿನ ಮೌನವಾಗಿದ್ದು ಉಸಿರನ್ನೂ ಮೈಯ ಸಂವೇದನೆಗಳನ್ನೂ ಗಮನಿಸುವುದೇ ಅಲ್ಲಿಯ ಶಿಬಿರ. ಅದೇ ಕಾಲದಲ್ಲಿ ಅಮೆರಿಕದಲ್ಲಿ ಅಣುಜೀವವಿಜ್ಞಾನ ಕಲಿತ ಜಾನ್ ಕಬಾಟ್-ಜಿನ್, ಬೌದ್ಧ ಧ್ಯಾನದಿಂದ ಧರ್ಮದ ಭಾಗವನ್ನು ಬೇರ್ಪಡಿಸಿ ಆಸ್ಪತ್ರೆಗೆ ಒಯ್ದರು. 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಿಗೆ ಬಗ್ಗದ ನೋವಿನಿಂದ ನರಳುವವರಿಗಾಗಿ ಅವರು ಎಂಟು ವಾರಗಳ ತರಬೇತಿ ಆರಂಭಿಸಿದರು. ವಾರಕ್ಕೊಂದು ತರಗತಿ, ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆ ಅಭ್ಯಾಸ. ಮೊದಲ ಪಾಠ ಒಂದು ಒಣದ್ರಾಕ್ಷಿ! ಅದನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ಟಿ.ವಿ. ನೋಡುತ್ತ ಊಟ ಮುಗಿಸಿ 'ಏನು ಸಾರು?' ಎಂದರೆ ಉತ್ತರ ಹೇಳಲಾಗದವರಿಗೆ ಈ ಪಾಠದ ಅಗತ್ಯ ತಟ್ಟನೆ ಅರ್ಥವಾದೀತು.

ಅಭ್ಯಾಸದ ತಿರುಳು ಇಷ್ಟೇ. ಉಸಿರನ್ನು ಗಮನಿಸುತ್ತ ಕೂರುವುದು. ಮನಸ್ಸು ಎಲ್ಲೋ ಓಡಿಹೋಗುತ್ತದೆ. ಓಡಿತು ಎಂದು ಗೊತ್ತಾದ ಕೂಡಲೇ ಬೈದುಕೊಳ್ಳದೆ ವಾಪಸು ಕರೆತರುವುದು. ಮತ್ತೆ ಓಡುತ್ತದೆ, ಮತ್ತೆ ಕರೆತರುವುದು. ಮನಸ್ಸು ಓಡಿದ್ದಕ್ಕೆ 'ನನಗೆ ಧ್ಯಾನ ಬರುವುದಿಲ್ಲ' ಎಂದು ಕೈಬಿಡುವವರು ಬಹಳ. ಓಡಿದ್ದು ಗೊತ್ತಾಗುವ ಆ ಕ್ಷಣವೇ ಇಲ್ಲಿ ವ್ಯಾಯಾಮ. ದಂಡ ಹೊಡೆಯುವವನಿಗೆ ಪ್ರತಿ ಸಲ ನೆಲದಿಂದ ಮೇಲೇಳುವುದು ಇದ್ದಂತೆ. ಇನ್ನು ಓಡುವುದಂತೂ ಎಲ್ಲರ ಮನಸ್ಸಿನ ಗುಣ. 2010ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು 2,250 ವಯಸ್ಕರನ್ನು ಫೋನಿನ ಮೂಲಕ ಆಗಾಗ ವಿಚಾರಿಸಿದಾಗ, ಶೇಕಡ 47ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದ ಹೊತ್ತಿನಲ್ಲಿ ಅವರು ಅಷ್ಟು ಸುಖವಾಗಿಯೂ ಇರಲಿಲ್ಲ.

ಎಲ್ಲಕ್ಕೂ ಒಂದೇ 'ಟೆನ್ಷನ್'

ಸುಮ್ಮನೆ ಗಮನಿಸಿದ ಮಾತ್ರಕ್ಕೆ ಭಾವದ ಅಬ್ಬರ ಏಕೆ ತಗ್ಗಬೇಕು? ಇದಕ್ಕೆ ಒಂದು ಸುಳಿವು 2007ರಲ್ಲಿ ಲಾಸ್ ಏಂಜಲೀಸಿನ ಮ್ಯಾಥ್ಯೂ ಲೀಬರ್‌ಮನ್ ತಂಡದಿಂದ ಬಂತು. ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನರಿನೊಳಗೆ ಮಲಗಿದ 30 ಮಂದಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಕೆಲವು ಸಲ ಆ ಮುಖಕ್ಕೆ 'ಸಿಟ್ಟು', 'ಭಯ' ಎಂಬ ಪದಗಳಲ್ಲಿ ಒಂದನ್ನು ಹೊಂದಿಸಬೇಕು. ಇನ್ನು ಕೆಲವು ಸಲ ಆ ಮುಖಕ್ಕೆ ಗಂಡಿನ ಹೆಸರೋ ಹೆಣ್ಣಿನ ಹೆಸರೋ ಎಂದು ಆರಿಸಬೇಕು. ವ್ಯಕ್ತಿಯ ಹೆಸರು ಆರಿಸಿದಾಗ ಅಮಿಗ್ಡಲದ ಗದ್ದಲ ಹಾಗೆಯೇ ಇತ್ತು. ಭಾವಕ್ಕೆ ಹೆಸರಿಟ್ಟಾಗ ಅದು ತಗ್ಗಿತು, ಹಣೆಯ ಹಿಂದಿನ ಭಾಗದಲ್ಲಿ ಚಟುವಟಿಕೆ ಹೆಚ್ಚಿತು. ತನ್ನ ಭಾವಕ್ಕೆ ಹೆಸರಿಡುವುದಕ್ಕೆ ಮೊದಲು ಅದನ್ನು ಗಮನಿಸಿರಬೇಕಲ್ಲವೆ? ಸಾವಧಾನದ ಅಭ್ಯಾಸ ನೆರವಾಗುವುದು ಅಲ್ಲಿ ಎಂಬುದು ಹಲವು ಮನಶ್ಶಾಸ್ತ್ರಜ್ಞರ ಅಭಿಪ್ರಾಯ.

2012ರಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಹಿಲ್ ಮತ್ತು ಜಾನ್ ಅಪ್‌ಡೆಗ್ರಾಫ್ ಕಾಲೇಜು ವಿದ್ಯಾರ್ಥಿಗಳ ಮನಸ್ಸನ್ನು ಒಂದು ವಾರ, ದಿನಕ್ಕೆ ಹಲವು ಬಾರಿ ಹೀಗೆಯೇ ದಾಖಲಿಸಿದರು. ಸ್ವಭಾವತಃ ಹೆಚ್ಚು ಸಾವಧಾನಿಗಳಾಗಿದ್ದವರ ಭಾವನೆಗಳು ಕಡಿಮೆ ಓಲಾಡುತ್ತಿದ್ದವು. ಅವರು ಒಂದು ಭಾವಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನೂ ಹೆಚ್ಚು ಸ್ಪಷ್ಟವಾಗಿ ಗುರುತಿಸುತ್ತಿದ್ದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಇದು ಸ್ವಭಾವದ ಅಧ್ಯಯನ, ತರಬೇತಿಯದ್ದಲ್ಲ. ಎತ್ತರವಾಗಿರುವವರು ಚೆನ್ನಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆಂದ ಮಾತ್ರಕ್ಕೆ ಆಡಿದವರೆಲ್ಲ ಎತ್ತರವಾಗುವುದಿಲ್ಲ.

ಆದರೂ ಭಾವಗಳನ್ನು ಬೇರೆ ಬೇರೆಯಾಗಿ ಗುರುತಿಸುವ ವಿಷಯದಲ್ಲಿ ಕನ್ನಡದ ಮನೆಗಳು ಒಂದು ಆಸ್ತಿಯನ್ನು ಕಳೆದುಕೊಳ್ಳುತ್ತಿವೆ. ಇಂದಿನ ಮಗುವನ್ನು ಏನಾಯಿತು ಎಂದು ಕೇಳಿದರೆ ಬರುವ ಉತ್ತರ ಎರಡೇ: 'ಟೆನ್ಷನ್' ಇಲ್ಲವೇ 'ಬೋರ್'. ಪರೀಕ್ಷೆ ಎಂದರೂ ಟೆನ್ಷನ್, ಗೆಳತಿ ಮಾತು ಬಿಟ್ಟರೂ ಟೆನ್ಷನ್, ಬಸ್ಸು ತಪ್ಪಿದರೂ ಟೆನ್ಷನ್. ಅಜ್ಜಿಯ ಬಾಯಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಪದಗಳಿದ್ದವು. ಅಳುಕು ಬೇರೆ, ದಿಗಿಲು ಬೇರೆ, ಗಾಬರಿ ಬೇರೆ. ಮೇಷ್ಟರ ಎದುರು ನಿಲ್ಲುವಾಗಿನದು ಅಳುಕು. ಕತ್ತಲಲ್ಲಿ ಒಬ್ಬಳೇ ಇರುವಾಗ ದಿಗಿಲು. ಪ್ರಶ್ನೆಪತ್ರಿಕೆ ತಿರುಗಿಸಿದಾಗ ಗಾಬರಿ. ಕೋಪ ಹೊರಗಿನವರ ಮೇಲೂ ಬರುತ್ತದೆ, ಮುನಿಸು ಮಾತ್ರ ಬೇಕಾದವರ ಮೇಲೆಯೇ. ಕಸಿವಿಸಿ, ತಳಮಳ, ಹೊಟ್ಟೆಕಿಚ್ಚು, ಬೇಸರ, ಬೇಗುದಿ, ಕಿರಿಕಿರಿ, ಮುಜುಗರ ಇವುಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಒಂದೊಂದಕ್ಕೂ ಪರಿಹಾರವೂ ಬೇರೆ. ಗಾಬರಿಗೆ ಎರಡು ನಿಮಿಷ ಕೊಟ್ಟರೆ ಸಾಕಾಗಬಹುದು. ಮುನಿಸಿಗೆ ಮಾತು ಬೇಕು. ಹೊಟ್ಟೆಕಿಚ್ಚಿಗೆ ಅದು ಹೊಟ್ಟೆಕಿಚ್ಚೇ ಎಂದು ಒಪ್ಪಿಕೊಳ್ಳುವ ಧೈರ್ಯ ಬೇಕು. ಎಲ್ಲಕ್ಕೂ 'ಟೆನ್ಷನ್' ಎಂಬ ಒಂದೇ ಚೀಟಿ ಅಂಟಿಸಿದರೆ, ಔಷಧದಂಗಡಿಯ ಎಲ್ಲ ಸೀಸೆಗಳಿಗೂ ಒಂದೇ ಹೆಸರು ಬರೆದಂತಾಗುತ್ತದೆ.

ಎಂಬತ್ತೈದು ಶಾಲೆಗಳ ಪಾಠ

ಹಾಗಾದರೆ ತರಬೇತಿ ಪಡೆದವರಲ್ಲಿ ನಿಜಕ್ಕೂ ಬದಲಾವಣೆ ಕಂಡಿದೆಯೆ? ದೊಡ್ಡವರ ಮಟ್ಟಿಗೆ ಕಂಡಿದೆ. 2000ದಲ್ಲಿ ಜಾನ್ ಟೀಸ್‌ಡೇಲ್, ಮಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು, ಖಿನ್ನತೆಯಿಂದ ಚೇತರಿಸಿಕೊಂಡಿದ್ದ 145 ಮಂದಿಯ ಮೇಲೆ ನಡೆಸಿದ ಪರೀಕ್ಷೆ ಹೆಸರಾದದ್ದು. ಹಿಂದೆ ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರ ಪೈಕಿ, ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇಕಡ 66 ಮಂದಿಗೆ ಒಂದು ವರ್ಷದ ಆಸುಪಾಸಿನಲ್ಲಿ ಅದು ಮರುಕಳಿಸಿತು. ಸಾವಧಾನದ ತರಬೇತಿಯನ್ನೂ ಪಡೆದವರಲ್ಲಿ ಶೇಕಡ 37. ಎರಡೇ ಸಲ ಬಂದಿದ್ದವರಿಗೆ ಮಾತ್ರ ಈ ಲಾಭ ಕಾಣಲಿಲ್ಲ. 2014ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 47 ಧ್ಯಾನ ಪರೀಕ್ಷೆಗಳನ್ನು, ಒಟ್ಟು 3,515 ಮಂದಿಯನ್ನು, ಒಟ್ಟಿಗೆ ತೂಗಿ ನೋಡಿದರು. ಆತಂಕ, ಖಿನ್ನತೆ, ನೋವು ಮಧ್ಯಮ ಪ್ರಮಾಣದಲ್ಲಿ ಅಥವಾ ಸ್ವಲ್ಪ ತಗ್ಗುವುದು ನಿಜವೆಂದು ಕಂಡಿತು. ವ್ಯಾಯಾಮ, ಔಷಧಿ ಮುಂತಾದವುಗಳಿಗಿಂತ ಇದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಅಂದರೆ ಸಂಜೆ ಮೈದಾನದಲ್ಲಿ ಆಡುವ ಹುಡುಗನನ್ನು ಎಳೆತಂದು ಕಣ್ಣುಮುಚ್ಚಿ ಕೂರಿಸುವುದರಲ್ಲಿ ಲಾಭವೇನೂ ಇಲ್ಲ.

ಎಂಟು ವಾರಕ್ಕೆ ಮಿದುಳೇ ಬದಲಾಗುತ್ತದೆ ಎಂಬ ಮಾತೂ ಜಾಹೀರಾತುಗಳಲ್ಲಿ ಬರುತ್ತದೆ. ಅದರ ಮೂಲ 2011ರ ಒಂದು ಅಧ್ಯಯನ; ಅದರಲ್ಲಿ ತರಬೇತಿ ಪಡೆದವರು 16 ಮಂದಿ. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 218 ಮಂದಿಯನ್ನಿಟ್ಟುಕೊಂಡು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಮಿದುಳಿನ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇನ್ನು ಮಕ್ಕಳ ವಿಷಯ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲ್ಲೆಮ್ ಕೈಕೆನ್ ಮತ್ತಿತರರ ಮುಂದಾಳತ್ವದಲ್ಲಿ 'ಮಿರಿಯಡ್' ಎಂಬ ಬೃಹತ್ ಪರೀಕ್ಷೆ ನಡೆಯಿತು. 85 ಶಾಲೆಗಳು, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು, ವಯಸ್ಸು 11ರಿಂದ 14ರೊಳಗೆ. ಅರ್ಧದಷ್ಟು ಶಾಲೆಗಳಲ್ಲಿ ಮಾಮೂಲಿನಂತೆ ಸಾಮಾಜಿಕ, ಭಾವನಾತ್ಮಕ ಶಿಕ್ಷಣದ ಪಾಠ. ಉಳಿದರ್ಧ ಶಾಲೆಗಳಲ್ಲಿ ಹತ್ತು ಸಾವಧಾನದ ಪಾಠಗಳು. ಪಾಠ ಹೇಳುವ ಮೇಷ್ಟರುಗಳು ಮೊದಲು ತಾವೇ ಕಲಿತುಕೊಂಡರು. 2022ರ ಜುಲೈಯಲ್ಲಿ ಫಲಿತಾಂಶ ಬಂದಾಗ, ಈ ವಿದ್ಯೆಯಲ್ಲಿ ನಂಬಿಕೆ ಇಟ್ಟಿದ್ದವರೇ ನಿರಾಸೆಯ ಸುದ್ದಿ ಬರೆಯಬೇಕಾಯಿತು. ಒಂದು ವರ್ಷದ ನಂತರ ಖಿನ್ನತೆಯ ಅಪಾಯದಲ್ಲಾಗಲೀ ನಡವಳಿಕೆಯಲ್ಲಾಗಲೀ ಮನಸ್ಸಿನ ನೆಮ್ಮದಿಯಲ್ಲಾಗಲೀ ಸಾವಧಾನದ ಪಾಠ ಕೇಳಿದ ಮಕ್ಕಳು ಉಳಿದವರಿಗಿಂತ ಮುಂದಿರಲಿಲ್ಲ. ಮೊದಲೇ ನೊಂದಿದ್ದ ಕೆಲವು ಮಕ್ಕಳಿಗೆ ಅದು ಹೊಂದದೆಯೂ ಇರಬಹುದೆಂಬ ಸೂಚನೆ ಇತ್ತು.

ಕಾರಣಗಳ ಪೈಕಿ ಒಂದು, ಯಾವ ಮೇಷ್ಟರಿಗೂ ಆಶ್ಚರ್ಯ ತರದಂಥದ್ದು. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ! ಈಜಿನ ಬಗ್ಗೆ ಹತ್ತು ಪಾಠ ಕೇಳಿ ಕೆರೆಗೆ ಇಳಿಯದಿದ್ದರೆ ಈಜು ಬರುವುದಿಲ್ಲ. ಅಭ್ಯಾಸ ಮಾಡಲೇಬೇಕೆಂದು ಒತ್ತಾಯಿಸಿದರೆ ಅದು ಇನ್ನೊಂದು ಹೋಮ್‌ವರ್ಕ್ ಆಗುತ್ತದೆ. ತಾನಾಗಿ ಬಯಸಿ ಬಂದ ರೋಗಿಗೂ ಪಿರಿಯಡ್ ಇದೆಯೆಂದು ಕೂತ ಹನ್ನೆರಡರ ಹುಡುಗನಿಗೂ ಒಂದೇ ಫಲ ಸಿಗಲೆಂದರೆ ಹೇಗೆ?

ಆದರೆ ಅದೇ ಪರೀಕ್ಷೆಯಲ್ಲಿ ಅಷ್ಟಾಗಿ ಯಾರೂ ಮಾತಾಡದ ಇನ್ನೊಂದು ಫಲಿತಾಂಶವಿದೆ. ತರಬೇತಿ ಮುಗಿದ ಹೊತ್ತಿಗೆ ಮೇಷ್ಟರುಗಳ ದಣಿವು ಕಡಿಮೆಯಾಗಿತ್ತು, ಶಾಲೆಯ ವಾತಾವರಣವೂ ಸ್ವಲ್ಪ ಸುಧಾರಿಸಿತ್ತು. ವರ್ಷ ಕಳೆಯುವಷ್ಟರಲ್ಲಿ ಈ ಲಾಭವೂ ಬಹುಪಾಲು ಕರಗಿತು ಎಂಬುದನ್ನು ಹೇಳಲೇಬೇಕು. ಆದರೂ ಮಕ್ಕಳಿಗೆಂದು ತಂದ ಮದ್ದು ಸ್ವಲ್ಪವಾದರೂ ನಾಟಿದ್ದು ದೊಡ್ಡವರಿಗೆ. ಮೊದಲಿನ ಆ ಸಂಜೆಯಲ್ಲಿ ತೂಗುತ್ತಿದ್ದ ಲೋಲಕಗಳು ಎರಡು. ಅಪ್ಪನದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಣಿಕಟ್ಟಿನ ಮೇಲೆ ಒಂದು ಪ್ರಯೋಗ

ಮಗು ತಾನಾಗಿ ಆಸಕ್ತಿ ತೋರಿದರೆ ಇದನ್ನು ಕಲಿಯುವುದಕ್ಕೆ ಖರ್ಚೇನೂ ಇಲ್ಲ. ವಿಜ್ಞಾನದ ಪ್ರಯೋಗದಿಂದಲೇ ಆರಂಭಿಸಬಹುದು. ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ, ಬಲಗೈಯ ಎರಡು ಬೆರಳು ಇಟ್ಟು ನಾಡಿ ಹುಡುಕಿ. ಈಗ ನಿಧಾನವಾಗಿ ಉಸಿರು ಎಳೆದುಕೊಂಡು ಅದಕ್ಕಿಂತ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಬಿರುಸಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಆರೋಗ್ಯವಂತ ಎಳೆಯರಲ್ಲಿ ಇದು ಎದ್ದು ಕಾಣುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿದುಬರುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯಕ್ಕೆ ಹೆಚ್ಚು ಬಿಗಿಯಾಗಿ ಕಡಿವಾಣ ಹಾಕುವುದೇ ಇದಕ್ಕೆ ಕಾರಣ. ಹತ್ತು ಉಸಿರುಗಳಷ್ಟು ಹೊತ್ತು ನಾಡಿಯನ್ನು ಹೀಗೆ ಗಮನಿಸಿದ ಮಗು ಸಾವಧಾನದ ಅಭ್ಯಾಸದ ಮೊದಲ ಪಾಠವನ್ನು ತನಗೆ ಗೊತ್ತಿಲ್ಲದೆಯೇ ಮುಗಿಸಿರುತ್ತದೆ. ಸಿಟ್ಟು ಬಂದಾಗ ಹತ್ತು ಎಣಿಸು ಎಂದ ಹಿರಿಯರಿಗೂ ಈ ಗುಟ್ಟು ಸ್ವಲ್ಪ ಗೊತ್ತಿದ್ದಿರಬೇಕು.

ಮುಂದಿನದು ಇದೇ ಉಸಿರನ್ನು ಬದಲಿಸದೆ ಸುಮ್ಮನೆ ಗಮನಿಸುವುದು. ಪ್ರಾಣಾಯಾಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ದಿನಕ್ಕೆ ಐದು ನಿಮಿಷ ಸಾಕು, ಆದರೆ ದಿನವೂ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಕಲಿಯುವ ವಿದ್ಯೆಯಲ್ಲ ಇದು. ಕೂತು ಗಮನಿಸುವುದು ಒಗ್ಗದ ಮಗುವಿಗೆ ನಡೆಯುತ್ತ ಅಂಗಾಲನ್ನು ಗಮನಿಸುವುದಾದರೂ ಆದೀತು. ಪರೀಕ್ಷೆಯ ಕೊಠಡಿಯಲ್ಲಿ ಮೂರನೇ ಲೆಕ್ಕ ಹೊಳೆಯದಿದ್ದಾಗ, ಅಭ್ಯಾಸವಿದ್ದ ಹುಡುಗಿಯ ಎದೆಯೂ ಢವಗುಟ್ಟುತ್ತದೆ. 'ಇದು ಗಾಬರಿ' ಎಂದು ಆಕೆಗೆ ಇಪ್ಪತ್ತನೇ ನಿಮಿಷದ ಬದಲು ಎರಡನೇ ನಿಮಿಷಕ್ಕೇ ಗೊತ್ತಾದರೆ ನಾಲ್ಕನೇ ಲೆಕ್ಕ ಉಳಿಯುತ್ತದೆ. ನಿರೀಕ್ಷೆ ಅಷ್ಟರ ಮಟ್ಟಿಗಿದ್ದರೆ ನಿರಾಸೆಯಿಲ್ಲ.

ಒಂದು ಎಚ್ಚರಿಕೆ. ಕಣ್ಣುಮುಚ್ಚಿ ಕೂತಾಗ ಕೆಲವರಿಗೆ ಹಳೆಯ ಆಘಾತಗಳ ನೆನಪು ಉಕ್ಕಿ ಕಳವಳ ಹೆಚ್ಚುವುದೂ ಉಂಟು. ಹಾಗಾದರೆ ಅಲ್ಲಿಗೇ ನಿಲ್ಲಿಸಬೇಕು. ಅರ್ಧ ಗಂಟೆಗೆ ಅಳು ನಗುವಾಗುವುದು ಸಹಜ. ಆದರೆ ಎರಡು ವಾರವಾದರೂ ನಗುವೇ ಬಾರದಿದ್ದರೆ, ಮಗು ಊಟ, ನಿದ್ದೆ, ಗೆಳೆಯರನ್ನು ಬಿಟ್ಟರೆ, ಬದುಕೇ ಬೇಡ ಎಂಬ ಮಾತಾಡಿದರೆ ಅದು ಉಸಿರಾಟದ ಅಭ್ಯಾಸಕ್ಕೆ ಬಿಡುವ ವಿಷಯವಲ್ಲ. ಆಗ ವೈದ್ಯರನ್ನು ಕಾಣಲು ತಡಮಾಡಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ವಿದ್ಯಾರ್ಥಿಗಳೂ ಕೇಳಬಹುದು, ತಂದೆತಾಯಂದಿರೂ ಕೇಳಬಹುದು.